ದೀಪ ಬರ್ತಿಲ್ಲ ಅಕ್ಕ

ಅಕ್ಕನ ಸೊಂಟದ ಕೀಲು ಬದಲಿಸುವ ಆಪರೇಷನ್‌ಗೆ ಐದು ದಿನ ಇರುವಾಗ ಮನೆಗೆ ನಾಲ್ಕು ಕ್ಯಾಮೆರಾ ಬಂದವು. ಅಂಗಡಿಯವನು ಹಾಲಿಗೊಂದು, ಅಡುಗೆಮನೆಗೊಂದು, ಹಿಂಬಾಗಿಲಿಗೊಂದು, ಅಕ್ಕನ ಕೋಣೆಗೊಂದು ಕೂರಿಸಿ, ವೈರುಗಳನ್ನೆಲ್ಲ ಟಿವಿಯ ಕೆಳಗಿಟ್ಟ ರೆಕಾರ್ಡರ್ ಪೆಟ್ಟಿಗೆಗೆ ತಂದು ಸಿಕ್ಕಿಸಿದ. ಟಿವಿಯಲ್ಲಿ ನಾಲ್ಕು ಚೌಕ ಮೂಡಿದವು. ನಾಲ್ಕರಲ್ಲೂ ಮನೆಯೇ.

"ಇಷ್ಟೇನಾ? ನನ್ನ ಟ್ಯಾಬ್‌ನಲ್ಲಿ ಬರೋ ಹಾಗೆ ಮಾಡ್ಕೊಡಲ್ವೇನಪ್ಪಾ?" ಎಂದಳು ಅಕ್ಕ.

"ಅದು ಸೋಮವಾರ ಬಂದು ಮಾಡ್ಕೊಡ್ತೀನಿ ಅಮ್ಮ. ನೆಟ್‌ವರ್ಕ್‌ಗೆ ಸೇರಿಸ್ಬೇಕು, ಸ್ವಲ್ಪ ಟೆಕ್ನಿಕಲ್ಲು."

ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳ ಹತ್ತಿರ ಆಡುವ ಮಾತೇ ಅದು? ಅವನ ಸ್ಕೂಟರಿನ ಸದ್ದು ತಿರುವಿನಲ್ಲಿ ಮರೆಯಾಗುತ್ತಿದ್ದಂತೆ ಅಕ್ಕ ರೆಕಾರ್ಡರಿನ ಕೈಪಿಡಿ ತೆಗೆದು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದತೊಡಗಿದಳು.

"ಪುಟ್ಟಿ, ಟಾರ್ಚ್ ತಗೊಂಡು ಬಾ."

ಪುಟ್ಟಿ ಅಂದರೆ ಅವಳ ತಂಗಿ. ಐವತ್ತಾರು ದಾಟಿದರೂ ಪುಟ್ಟಿಯೇ. ಅಕ್ಕನ ಗಂಡ ತೀರಿಕೊಂಡ ವರ್ಷ, ಮೂರು ವರ್ಷದ ಮಗುವನ್ನು ನಾಲ್ಕು ತಿಂಗಳು ನೋಡಿಕೊಂಡು ಹೋಗಲೆಂದು ಬಂದವಳು ಇಲ್ಲೇ ಉಳಿದುಬಿಟ್ಟಿದ್ದಳು. ಆ ಮಗು ಈಗ ದೂರದ ರೈಲುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಗಂಡಸು. ಕಿವಿಯ ಪಕ್ಕ ಆಗಲೇ ನರೆ ಬಂದಿದೆ. ಅವನ ಹೆಂಡತಿ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ಹಗಲೆಲ್ಲ ಮನೆಯಲ್ಲಿ ಉಳಿಯುವವರು ಅಕ್ಕತಂಗಿಯರೇ.

ಪುಟ್ಟಿ ಟಿವಿ ಮೇಜಿನ ಕೆಳಗೆ ಮಂಡಿಯೂರಿ ಟಾರ್ಚ್ ಹಿಡಿದಳು. ಅಕ್ಕ ಕುರ್ಚಿಯಲ್ಲಿ ಕೂತು ಹೇಳಿಕೊಡುತ್ತ ಹೋದಳು. ಕಿಟಕಿಯ ಪಕ್ಕದ ರೂಟರಿನಿಂದ ಹಳದಿ ಕೇಬಲ್ ಎಳೆದು ತಂದು ರೆಕಾರ್ಡರಿನ ಬೆನ್ನಿಗೆ ಸಿಕ್ಕಿಸಬೇಕು. ಸಿಕ್ಕಿಸಿದಾಗ ಕಟ್ ಅನ್ನಬೇಕು. ತೂತಿನ ಪಕ್ಕದಲ್ಲಿ ಹಸಿರು ದೀಪ ಬರಬೇಕು.

"ಬಂತೇನೇ?"

"ಮಿಣಿಮಿಣಿ ಅಂತಿದೆ ಅಕ್ಕ."

"ಮಿಣಿಮಿಣಿ ಅಂದ್ರೆ ಏನರ್ಥ? ಬಂತು ಇಲ್ಲ ಬಂದಿಲ್ಲ, ಎರಡರಲ್ಲಿ ಒಂದು ಹೇಳೋಕೆ ಇಷ್ಟು ವಯಸ್ಸಾದ್ರೂ ಕಲೀಲಿಲ್ಲವಲ್ಲ."

ಆಮೇಲಿನದನ್ನು ಅಕ್ಕ ತಾನೇ ಮಾಡಿದಳು. ರಿಮೋಟ್ ಹಿಡಿದು ಟಿವಿಯಲ್ಲಿ ನೆಟ್‌ವರ್ಕಿನ ಪುಟ ತೆರೆದಳು. ಮನೆಯ ಫೋನುಗಳು ಯಾವ ಯಾವ ನಂಬರು ಹಿಡಿದಿವೆ ಎಂದು ನೋಡಿ, ಯಾರಿಗೂ ತಾಗದ ಒಂದನ್ನು ರೆಕಾರ್ಡರಿಗೆ ಖಾಯಂ ಮಾಡಿದಳು. ಯಾರಿಗೂ ಕಾಣದಂತೆ ಪಾಸ್‌ವರ್ಡ್ ಹಾಕಿದಳು. ಪರದೆಯ ಮೇಲಿನ ಚೌಕುಳಿ ಕ್ಯೂಆರ್ ಚಿತ್ರಕ್ಕೆ ಟ್ಯಾಬ್ ಹಿಡಿದಳು. ಎರಡೇ ನಿಮಿಷ, ಹಾಲ್, ಅಡುಗೆಮನೆ, ಹಿಂಬಾಗಿಲು, ಕೋಣೆ ಎಲ್ಲ ಅವಳ ಮಡಿಲಿಗೆ ಬಂದು ಕೂತವು. ಟಾರ್ಚ್ ಹಿಡಿದು ಮಂಡಿಯೂರಿದ್ದ ಪುಟ್ಟಿಯ ಬೆನ್ನೂ ಅದರಲ್ಲಿ ಕಾಣುತ್ತಿತ್ತು.

"ಕಳ್ಳರ ಕಾಟ ಜಾಸ್ತಿಯಾಗಿದೆ," ಎಂದಳು ಮಗನಿಗೆ.

ಆಪರೇಷನ್ ಚೆನ್ನಾಗಿ ಆಯಿತು. ಆದರೆ ಗಾಯ ಕೀವಾಯಿತು. ಆರು ದಿನಕ್ಕೆ ಮನೆಗೆ ಬರಬೇಕಾದವಳನ್ನು ಮೂರು ವಾರ ಇಟ್ಟುಕೊಳ್ಳುತ್ತೇವೆ ಎಂದರು. ಅಕ್ಕನಿಗೆ ಅದರಿಂದ ಅಂಥ ಬೇಸರವೇನೂ ಆಗಲಿಲ್ಲ. ದಿಂಬಿಗೆ ಟ್ಯಾಬ್ ಒರಗಿಸಿಕೊಂಡರೆ ಮನೆ ಕಣ್ಣೆದುರಿಗೇ ಇತ್ತು.

ಮೊದಲ ದಿನವೇ ಫೋನು ಬಂತು. ಪುಟ್ಟಿ ಬಟ್ಟೆ ಮಡಚಿ, ಕಾಲು ನೋಯುತ್ತಿದೆಯೆಂದು ಹಾಲಿನಲ್ಲಿದ್ದ ಅಕ್ಕನ ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು.

"ಏಳು."

"ಏನಕ್ಕಾ?"

"ನನ್ನ ಕುರ್ಚಿಯಿಂದ ಏಳು ಅಂದೆ."

ಪುಟ್ಟಿ ಬೆಂಕಿ ಮುಟ್ಟಿದವಳಂತೆ ಎದ್ದುನಿಂತಳು. ಅಲ್ಲಿಂದ ದಿನಕ್ಕೆ ಎಂಟು ಸಲ, ಹತ್ತು ಸಲ. ಬಿಸ್ಕತ್ತಿನ ಡಬ್ಬ ಯಾಕೆ ತೆಗೆದೆ? ಇದು ಎಷ್ಟನೇ ಲೋಟ ಟೀ? ಪಕ್ಕದ ಮನೆಯವಳ ಜೊತೆ ಹಿಂಬಾಗಿಲಲ್ಲಿ ನಿಂತು ಇಪ್ಪತ್ತು ನಿಮಿಷ ಏನು ಹರಟಿದ್ದು? ಕ್ಯಾಮೆರಾದಲ್ಲಿ ಚಿತ್ರವಷ್ಟೇ, ಸದ್ದಿಲ್ಲ. ಕೇಳಿಸದೆ ಉಳಿದದ್ದನ್ನು ಅಕ್ಕ ಫೋನಿನಲ್ಲಿ ಕೆದಕಿ ತೆಗೆಯುತ್ತಿದ್ದಳು. ಮಗ-ಸೊಸೆಯ ಕೋಣೆ ಬಿಟ್ಟರೆ ಸ್ನಾನದ ಮನೆಯಲ್ಲಿ ಮಾತ್ರ ಕ್ಯಾಮೆರಾ ಇರಲಿಲ್ಲ. ಪುಟ್ಟಿ ಅಲ್ಲಿ ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತು ಬಿಸ್ಕತ್ತು ತಿನ್ನತೊಡಗಿದಳು.

ಹನ್ನೊಂದನೆಯ ದಿನ ಪುಟ್ಟಿ ಒಗೆದ ಬಟ್ಟೆ, ಊಟದ ಡಬ್ಬಿ ತೆಗೆದುಕೊಂಡು ಆಸ್ಪತ್ರೆಗೆ ಹೋದಳು. ಅಕ್ಕನನ್ನು ಎಕ್ಸ್‌ರೇಗೆ ಕರೆದೊಯ್ದಿದ್ದರು. ಪಕ್ಕದ ಮಂಚದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡ ದಪ್ಪನೆಯ ಹೆಂಗಸೊಬ್ಬಳು ಇವಳನ್ನು ನೋಡಿದ್ದೇ ಮುಖ ಅರಳಿಸಿದಳು.

"ಅಯ್ಯೋ, ನೀವೇ ಅಲ್ವಾ ಟಪ್ಪಂತ ಎದ್ದು ನಿಲ್ಲೋರು?"

ಪುಟ್ಟಿಗೆ ಅರ್ಥವಾಗಲಿಲ್ಲ.

"ಮಧ್ಯಾಹ್ನ ಆದ್ರೆ ನಾವೆಲ್ಲ ಕಾಯ್ತಾ ಇರ್ತೀವಿ ಕಣ್ರೀ. ನಿಮ್ಮಕ್ಕ ಟ್ಯಾಬ್ ನಮ್ಮ ಕಡೆ ತಿರುಗಿಸಿ, 'ಈಗ ನೋಡ್ತಾ ಇರಿ' ಅಂತ ಫೋನ್ ಒತ್ತುತ್ತಾರೆ. ನೀವು ಅಲ್ಲಿ ಟಪ್ಪಂತ ಎದ್ದೇಬಿಡ್ತೀರಿ! ಮೊನ್ನೆ ಬಾಯಲ್ಲಿದ್ದ ಬಿಸ್ಕತ್ತು ಸೆರಗಿಗೆ ಉಗುಳ್ಕೊಂಡ್ರಲ್ಲ, ನಕ್ಕು ನಕ್ಕು ನರ್ಸಮ್ಮನಿಗೆ ಸೂಜಿ ಚುಚ್ಚೋಕಾಗ್ಲಿಲ್ಲ."

ಎದುರು ಸಾಲಿನಿಂದ ಇನ್ನೊಬ್ಬಳು, "ಇವ್ರೇನಾ?" ಎಂದು ಕತ್ತು ಎತ್ತಿ ನೋಡಿದಳು. ಕಸ ಗುಡಿಸುವವಳೂ ಪೊರಕೆ ನಿಲ್ಲಿಸಿ ನೋಡಿದಳು. ಯಾರ ಕಣ್ಣಲ್ಲೂ ಕೆಟ್ಟತನವಿರಲಿಲ್ಲ. ಧಾರಾವಾಹಿಯ ನಟಿಯೊಬ್ಬಳು ಎದುರಿಗೇ ಬಂದು ನಿಂತರೆ ಜನ ಹಿಗ್ಗುತ್ತಾರಲ್ಲ, ಹಾಗೆ ಹಿಗ್ಗಿದ್ದರು.

ಪುಟ್ಟಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಬಟ್ಟೆಗಳನ್ನು ಒಂದೊಂದಾಗಿ ಕಪಾಟಿಗೆ ಜೋಡಿಸಿದಳು. ಅಕ್ಕ ಬರುವವರೆಗೂ ಕಾಯದೆ ಬಸ್ಸು ಹತ್ತಿದಳು. ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಟಿವಿ ಮೇಜಿನ ಹಿಂದಕ್ಕೆ ಕೈ ಹಾಕಿ ಹಳದಿ ಕೇಬಲ್ ಹಿಡಿದು ಎಳೆದಳು. ದೀಪ ಆರಿತು.

ಅವಳಿಗೆ ಬೇಕಾಗಿದ್ದದ್ದು ಒಂದು ದಿನದ ನೆಮ್ಮದಿ, ಅಷ್ಟೇ. ನಾಳೆ ಸಿಕ್ಕಿಸಿದರಾಯಿತು ಎಂದುಕೊಂಡಿದ್ದಳು.

ಅರ್ಧ ಗಂಟೆಯಲ್ಲಿ ಫೋನು.

"ಪುಟ್ಟಿ, ಕ್ಯಾಮೆರಾ ಹೋಗಿದೆ. ಕರೆಂಟ್ ಇದ್ಯಾ?"

"ಇದೆ ಅಕ್ಕ."

"ಹಾಗಾದ್ರೆ ಕೇಬಲ್ ಸಡ್ಲಾಗಿರ್ಬೇಕು. ಬಗ್ಗಿ ನೋಡು. ಅಂಗಡಿಯವನನ್ನ ಕರೆಸ್ಬೇಡ, ಪಾಸ್‌ವರ್ಡ್ ಕೇಳ್ತಾನೆ. ನಾನು ಹೇಳಿದ ಹಾಗೆ ಮಾಡು."

ಪುಟ್ಟಿ ಬೆತ್ತದ ಕುರ್ಚಿಯಲ್ಲಿ ಕೂತಳು. ಕೇಬಲ್ಲಿನ ತುದಿ ಮಡಿಲಲ್ಲಿತ್ತು.

"ಬಗ್ಗಿದ್ದೀನಿ ಅಕ್ಕ."

"ತೂತಿಗೆ ಒತ್ತು. ಕಟ್ ಅಂತಾ?"

"ಅಂತು."

"ಹಸಿರು ದೀಪ?"

"ದೀಪ ಬರ್ತಿಲ್ಲ ಅಕ್ಕ."

ರೂಟರ್ ಆರಿಸಿ ಹಚ್ಚಲು ಹೇಳಿದಳು ಅಕ್ಕ. ಪುಟ್ಟಿ ಮನಸ್ಸಿನಲ್ಲೇ ಮೂವತ್ತು ಎಣಿಸಿ, ಹಚ್ಚಿದೆ ಎಂದಳು. ಕೇಬಲ್ಲಿನ ಎರಡೂ ತುದಿ ಅದಲುಬದಲು ಮಾಡಲು ಹೇಳಿದಳು. ಕಾಲು ಚಾಚಿ ಕೂತಲ್ಲೇ ಪುಟ್ಟಿ ಏದುಸಿರು ಬಿಟ್ಟಳು. ಟಿವಿಯಲ್ಲಿ ನಂಬರು ಓದು ಎಂದಾಗ ಮಾತ್ರ ಇದ್ದದ್ದನ್ನೇ ಓದಿದಳು. ನಂಬರು ಸರಿಯಿತ್ತು. ಎಲ್ಲ ಸರಿಯಿದ್ದೂ ದೀಪ ಬಾರದ ಈ ರೋಗ ಯಾವುದೆಂದು ಅಕ್ಕನಿಗೆ ತಿಳಿಯಲಿಲ್ಲ. ಮುಕ್ಕಾಲು ಗಂಟೆ ತಲೆ ಚಚ್ಚಿಕೊಂಡಳು.

ಮರುದಿನವೂ ಅದೇ ನಡೆಯಿತು. ಪುಟ್ಟಿಗೆ ಇದರಲ್ಲಿ ರುಚಿ ಹತ್ತಿತು. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಬಿಸ್ಕತ್ತು.

ಮೂರನೆಯ ದಿನ ಅಕ್ಕನ ದನಿಯೇ ಬೇರೆಯಾಗಿತ್ತು.

"ನೋವು ತಡ್ಕೊಳ್ಳೋಕಾಗ್ತಿಲ್ಲ ಕಣೇ. ಮನೆ ನೋಡ್ಕೊಂಡು ಮಲಗಿದ್ರೆ ಹೇಗೋ ಹೊತ್ತು ಹೋಗ್ತಿತ್ತು. ಈಗ ಬರೀ ಗೋಡೆ. ಇನ್ನೊಂದ್ಸಲ ನೋಡೇ, ನಮ್ಮಮ್ಮ ಅಲ್ವಾ."

ಅಕ್ಕ ಹಾಗೆ ಬೇಡಿಕೊಂಡದ್ದನ್ನು ಪುಟ್ಟಿ ಕೇಳಿರಲೇ ಇಲ್ಲ. ಬಿಸ್ಕತ್ತು ಕೆಳಗಿಟ್ಟು, ನಿಜವಾಗಿಯೇ ಮಂಡಿಯೂರಿ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿ ಹಿಡಿದು ಮೇಜಿನ ಹಿಂದೆ ತೂತು ತಡಕಿದಳು. ಕತ್ತಲಿತ್ತು. ಬೆರಳಿಗೆ ಸಿಗಲಿಲ್ಲ.

"ಇಷ್ಟು ಹೊತ್ತೇನೇ?" ಅಕ್ಕನ ದನಿ ಹಳೆಯ ದಾರಿಗೆ ಬಂತು. "ಒಂದು ತಂತಿ ಸಿಕ್ಸೋಕಾಗದೋಳು. ನಿನ್ನ ಅವನು ಕಟ್ಕೊಂಡಿದ್ರೆ ವಾರಕ್ಕೆ ವಾಪಸ್ ತಂದು ಬಿಡ್ತಿದ್ದ. ನಾನು ಉಳಿಸ್ದೆ."

"ಯಾರು ಅಕ್ಕ?"

"ಅವನೇ, ಆ ನಕ್ಷೆ ಬಿಡಿಸೋನು. ನಾಲ್ಕು ಸಂಜೆ ಸಾಲಾಗಿ ಟ್ರಂಕ್ ಕಾಲ್ ಬುಕ್ ಮಾಡಿದ್ದ, ನಿಂಗೆ. ಎಕ್ಸ್‌ಚೇಂಜಿನ ಬೋರ್ಡಲ್ಲಿ ನಾನೇ ಇದ್ದೆ. 'ಆ ಕಡೆ ಯಾರೂ ಎತ್ತುತ್ತಿಲ್ಲ ಸಾರ್' ಅಂತ ಹೇಳಿ ಹೇಳಿ ಕಡಿದೆ. ಐದನೇ ದಿನ ಬುಕ್ ಮಾಡ್ಲೇ ಇಲ್ಲ. ಅಷ್ಟೇ ಅವನ ಯೋಗ್ಯತೆ. ನೀನು ಹೋಗಿದ್ರೆ ಮಗೂನ ನೋಡ್ಕೊಳ್ಳೋರು ಯಾರು? ಒತ್ತಿದ್ಯಾ? ದೀಪ ಬಂತಾ?"

ಪುಟ್ಟಿಯ ಕೈ ಮೇಜಿನ ಹಿಂದೆಯೇ ನಿಂತಿತು.

ಲೋಕೋಪಯೋಗಿ ಕಚೇರಿಯಲ್ಲಿ ಸೇತುವೆಗಳ ನಕ್ಷೆ ಬಿಡಿಸುತ್ತಿದ್ದ, ಬೆರಳಿಗೆ ಸದಾ ಮಸಿ ಮೆತ್ತಿಕೊಂಡಿರುತ್ತಿದ್ದ ಒಬ್ಬನಿದ್ದ. ಬೇರೆ ಊರಿಗೆ ವರ್ಗವಾಗಿ ಹೋಗುವಾಗ, ಮನೆಯಲ್ಲಿ ಕೇಳಿ ಈ ವಾರವೇ ಫೋನ್ ಮಾಡುತ್ತೇನೆ ಎಂದಿದ್ದ. ಅವಳಿಗಾಗ ಇಪ್ಪತ್ತನಾಲ್ಕು. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಫೋನಿನ ಪಕ್ಕ ಚಾಪೆ ಹಾಸಿ ಆ ವಾರವೆಲ್ಲ ಕೂತಿದ್ದಳು. ರಿಸೀವರ್ ಎತ್ತಿ ಎತ್ತಿ, ಸದ್ದು ಬರುತ್ತಿದೆಯೇ ಎಂದು ನೋಡಿದ್ದಳು. ಆಮೇಲೆ ಮೂವತ್ತೆರಡು ವರ್ಷ, ತನ್ನಲ್ಲೇ ಏನೋ ಕೊರತೆ ಕಂಡು ಅವನು ಸುಮ್ಮನಾದ ಎಂದು ನಂಬಿದ್ದಳು.

"ಪುಟ್ಟಿ? ಕೇಳಿಸ್ತಾ? ದೀಪ ಬಂತೇನೇ?"

ಪುಟ್ಟಿ ಎದ್ದಳು. ಕುರ್ಚಿಯಲ್ಲಿ ಕೂತಳು. ಕೇಬಲ್ಲನ್ನು ಮಡಿಲಲ್ಲಿಟ್ಟುಕೊಂಡಳು.

"ಯಾವ ತೂತು ಅಕ್ಕ? ಇನ್ನೊಂದ್ಸಲ ಮೊದಲಿಂದ ಹೇಳು," ಎಂದಳು. ದನಿ ಒಂದಿಷ್ಟೂ ಅಲುಗಲಿಲ್ಲ.

ಅಕ್ಕ ಮೊದಲಿನಿಂದ ಹೇಳತೊಡಗಿದಳು.

ಆ ವಾರದ ಕೊನೆಗೆ ಮಗ ರಜೆ ಹಾಕಿ ಬಂದ. ಊಟಕ್ಕೆ ಕೂತಾಗ, "ಗುರುವಾರ ಅಮ್ಮನ್ನ ಬಿಡ್ತಾರಂತೆ ಚಿಕ್ಕಮ್ಮ," ಎಂದ. "ಮೂರ್ನಾಲ್ಕು ತಿಂಗಳು ಎದ್ದು ಓಡಾಡೋ ಹಾಗಿಲ್ಲ. ಎಲ್ಲಾ ಮಂಚದ ಮೇಲೇ. ಆರೈಕೆ ಕೇಂದ್ರ ಅಂತ ಒಂದಿದೆ ಊರಾಚೆ, ಡಾಕ್ಟರ್ ಹೇಳ್ತಿದ್ರು. ಅದೆಲ್ಲ ಯಾಕೆ, ಮನೇಲಿ ನೀವಿದ್ದೀರಲ್ಲ ಅಂದೆ."

"ನನ್ನ ಕೈಲಾಗಲ್ಲ."

ಮಗನ ತುತ್ತು ಅರ್ಧ ದಾರಿಯಲ್ಲೇ ನಿಂತಿತು. ಆ ಮಾತು ಆ ಬಾಯಿಂದ ಬಂದದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆಯಿಲ್ಲದ ಮೂರು ವಾರ ಅವಳಿಗೂ ಒಗ್ಗಿತ್ತು.

ಗುರುವಾರ ಅಕ್ಕನನ್ನು ವ್ಯಾನಿನಲ್ಲಿ ಆರೈಕೆ ಕೇಂದ್ರಕ್ಕೆ ಕರೆದೊಯ್ದರು. ದಾರಿಯುದ್ದಕ್ಕೂ, "ಪುಟ್ಟಿಗೆ ಏನಾಗಿದೆ? ಪುಟ್ಟಿನ ಕೇಳಿದ್ರಾ?" ಎನ್ನುತ್ತಿದ್ದಳು. ಹಸಿರು ಬಣ್ಣ ಬಳಿದ ಉದ್ದನೆಯ ಕೋಣೆಯಲ್ಲಿ ಆರು ಮಂಚ. ಗೋಡೆಯ ಪಕ್ಕದ್ದು ಇವಳದು. ಪುಟ್ಟಿ ಹಾಸಿಗೆ ಸರಿಮಾಡಿ, ದಿಂಬಿಗೆ ಟ್ಯಾಬ್ ಒರಗಿಸಿದಳು.

"ಇವತ್ತು ಹೋಗಿ ಕೇಬಲ್ ಸಿಕ್ಕಿಸ್ತೀನಿ ಅಕ್ಕ. ನೋಡ್ಕೊಂಡು ಇರು."

ಹೋಗಿ ಸಿಕ್ಕಿಸಿದಳು. ಅರ್ಧ ನಿಮಿಷದ ಕೆಲಸ. ಪಕ್ಕದಲ್ಲಿ ನಿಂತಿದ್ದ ಸೊಸೆ, "ಚಿಕ್ಕಮ್ಮ, ಈ ಪೆಟ್ಟಿಗೇಲಿ ಹದಿನೈದು ದಿನದ್ದು ಉಳ್ದಿರತ್ತೆ," ಎಂದು ಮೆಲ್ಲಗೆ ಹೇಳಿದಳು. "ಕೇಬಲ್ ಕಿತ್ರೂ ಅದು ತನ್ನ ಪಾಡಿಗೆ ರೆಕಾರ್ಡ್ ಮಾಡ್ತಾನೇ ಇರತ್ತೆ. ಹಿಂದಕ್ಕೆ ಹೋದ್ರೆ ಅತ್ತೆಗೆ ಎಲ್ಲಾ ಕಾಣತ್ತೆ. ಪೆಟ್ಟಿಗೆ ಹಿಂದೆ ರಿಸೆಟ್ ಬಟನ್ ಇದ್ದೀತು, ಅಂಗಡಿಯವನನ್ನ ಕೇಳಿ ಅಳಿಸ್ಬಿಡೋಣ್ವಾ?"

"ಬೇಡ, ಇರ್ಲಿ," ಎಂದಳು ಪುಟ್ಟಿ.

ಅಕ್ಕ ಹಿಂದಕ್ಕೆ ಹೋದಳು. ಮನೆ ಕಾಣದೆ ಹೋದ ಆ ದಿನಗಳನ್ನು ಒಂದೂ ಬಿಡದೆ ನೋಡಿದಳು. ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತ ತಂಗಿ, ಮಡಿಲಲ್ಲಿ ಹಳದಿ ತಂತಿ, ಕಿವಿಯಲ್ಲಿ ಫೋನು. ಸದ್ದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ತುಟಿ ಅಲುಗಿದಾಗಲೆಲ್ಲ ಆ ಮಾತು ಯಾವುದೆಂದು ಅಕ್ಕನಿಗೆ ಗೊತ್ತಿತ್ತು. ಮೂರನೆಯ ದಿನದ್ದೂ ಬಂತು. ತಂಗಿ ಕೆಳಗಿಳಿದು ಮಂಡಿಯೂರಿದ್ದು, ಮೇಜಿನ ಹಿಂದಕ್ಕೆ ಕೈ ಚಾಚಿದ್ದು, ಕೈ ನಿಂತದ್ದು. ಅದಾದ ಮೇಲೆ ಎದ್ದು ಕೂತ ಆ ಮುಖ.

"ಏನ್ ನೋಡ್ತಿದ್ದೀರಿ ಅಮ್ಮ? ನಮಗೂ ತೋರ್ಸಿ," ಎಂದಳು ಪಕ್ಕದ ಮಂಚದವಳು.

ಅಕ್ಕ ಟ್ಯಾಬನ್ನು ಎದೆಗೆ ಅವುಚಿಕೊಂಡಳು.

ಮೂರ್ನಾಲ್ಕು ತಿಂಗಳು ಅಂದದ್ದು ಏಳಾಯಿತು. ಮಗ ತಿಂಗಳಿಗೆರಡು ಸಲ ಬಂದು, ಬಸ್ಸಿನ ಹೊತ್ತು ನೋಡಿಕೊಂಡು ಹೋಗುತ್ತಾನೆ. ಪುಟ್ಟಿ ಅಕ್ಕನ ಕೋಣೆಗೆ ಬಂದಿದ್ದಾಳೆ. ಮಧ್ಯಾಹ್ನ ಅಕ್ಕನ ಮಂಚದಲ್ಲಿ ಕ್ಯಾಮೆರಾದ ಕಡೆ ಕಾಲು ಹಾಕಿ ಮಲಗುತ್ತಾಳೆ. ಅಕ್ಕ ದಿನವಿಡೀ ನೋಡುತ್ತಾಳೆ. ನೋಡದೆ ಇರಲು ಅವಳಿಗೆ ಬರುವುದಿಲ್ಲ.

ಒಂದು ಬೆಳಿಗ್ಗೆ ಅಡುಗೆಮನೆಯ ಚೌಕದಲ್ಲಿ ಒಲೆಯ ಮೇಲೆ ಹಾಲಿತ್ತು. ಪುಟ್ಟಿ ಬೆತ್ತದ ಕುರ್ಚಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದಳು. ಹಾಲು ಏರತೊಡಗಿತು. ಅಕ್ಕ ತಡವರಿಸಿ ಫೋನು ಒತ್ತಿದಳು. ಇನ್ನೊಂದು ಚೌಕದಲ್ಲಿ ಪುಟ್ಟಿ ಪಕ್ಕಕ್ಕೆ ನೋಡಿದಳು, ಫೋನು ಕೈಗೆತ್ತಿಕೊಂಡಳು, ಯಾರದೆಂದು ಓದಿದಳು, ಮತ್ತೆ ಮೇಜಿನ ಮೇಲಿಟ್ಟಳು.

"ಹಾಲು ಉಕ್ತಿದೆ ಕಣೇ! ಪುಟ್ಟಿ! ಒಲೆ ಆರಿಸೇ!" ಅಕ್ಕ ಟ್ಯಾಬಿಗೇ ಕೂಗಿದಳು. ಐದು ಮಂಚಗಳೂ ಇವಳತ್ತ ತಿರುಗಿದವು.

ಹಾಲು ಉಕ್ಕಿ, ಒಲೆಯೆಲ್ಲ ನೊರೆಯಾಗಿ, ಕಟ್ಟೆಯಿಂದ ನೆಲಕ್ಕಿಳಿಯಿತು. ಪುಟ್ಟಿ ಆ ಪುಟ ಓದಿ ಮುಗಿಸಿದಳು. ಪತ್ರಿಕೆ ಮಡಚಿ ಎದ್ದಳು. ಒಳಗೆ ಹೋಗಿ ಒಲೆ ಆರಿಸಿ, ಬಟ್ಟೆ ತಂದು, ಅವಸರವಿಲ್ಲದೆ ಒರೆಸತೊಡಗಿದಳು.