ಮೂರು ಗುರುತಿನ ಸಾಕ್ಷಿ

"ಹೆಣ್ಣು, ಕರಿಯಳು, ಸಾಲದ್ದಕ್ಕೆ ಎರಡು ಬೆರಳಿಲ್ಲ. ಒಂದೇ ಕುರ್ಚಿಗೆ ಮೂರು ಗುರುತು ಬಿತ್ತಲ್ಲ, ಸರ್," ಎಂದಳು ಲಾಂಡ್ರಿ ಕಂಪನಿಯ ಪ್ರಚಾರ ನೋಡಿಕೊಳ್ಳುವ ಫೆಲಿಸಿಟಿ, ಸಮಿತಿಯ ಅರ್ಜಿಯ ಚೌಕಗಳಲ್ಲಿ ಪೆನ್ನಿನಿಂದ ಗುರುತು ಹಾಕುತ್ತ.

ಲಂಡನ್ ರೈಲಿನ ಎದುರು ಸೀಟಿನಲ್ಲೇ ಪರ್ಲೀನ್ ಕುಳಿತಿದ್ದಳು. ಇಪ್ಪತ್ತೆರಡು ವರ್ಷದಿಂದ ಹ್ಯಾಲಮ್‌ನ ಲಾಂಡ್ರಿಯಲ್ಲಿ ಆಸ್ಪತ್ರೆಗಳ ರಕ್ತ, ಹೇಲು ಮೆತ್ತಿದ ಚಾದರ ಒಗೆದವಳು. ಕಾರ್ಮಿಕರ ಸುರಕ್ಷತೆಯ ಬಗ್ಗೆ ಸಂಸತ್ತಿನ ಸಮಿತಿ ಸಾಕ್ಷ್ಯ ಕೇಳುತ್ತಿತ್ತು. ಸಾಕ್ಷಿಗಳೆಲ್ಲ ಕೋಟು ತೊಟ್ಟ ಬಿಳಿ ಗಂಡಸರೇ ಎಂದು ಪತ್ರಿಕೆಗಳು ಆಡಿಕೊಂಡ ಮೇಲೆ, ಬೇರೆಯವರನ್ನೂ ಕರೆತನ್ನಿ ಎಂದು ಸಮಿತಿ ಕಂಪನಿಗಳಿಗೆ ಬರೆದಿತ್ತು. ಮಾಲೀಕ ಹ್ಯಾಲಮ್ ಕರೆತರುತ್ತಿದ್ದ.

"ನೀನು ನಗ್ತಾ ಕೂತ್ಕೊ, ಸಾಕು. ಕೇಳಿದ್ರೆ, ಲಾಂಡ್ರಿ ನಮಗೆ ಮನೆ ಇದ್ದ ಹಾಗೆ ಅನ್ನು. ಎಲ್ಲಿ, ಹೇಳು," ಎಂದ ಹ್ಯಾಲಮ್ ಅವಳಿಗೆ.

"ಮನೆ ಇದ್ದಂಗೆ."

ಹ್ಯಾಲಮ್ ನಕ್ಕ. "ಇದ್ದಂಗೆ! ಇರಲಿ ಬಿಡು, ತಿದ್ದಬೇಡ ಫೆಲಿಸಿಟಿ. ಅಸಲಿ ಮಾಲು ಅಂತ ಕಾಣುತ್ತೆ."

ಪರ್ಲೀನ್ ಕಿಟಕಿಯತ್ತ ಮುಖ ತಿರುಗಿಸಿದಳು.

ಹಿಂದಿನ ದಿನ ಜೊತೆಗೆಲಸದ ವಿನೆಟ್ ಉಗಿದಿದ್ದಳು. "ಆ ಸೂಳೆಮಗನ ಪಕ್ಕದಾಗೆ ಗೊಂಬೆ ಥರಾ ಕುಂತ್ಕಳಾಕೆ ಹೋಯ್ತೀಯಾ? ದನೂತಾನ್ನ ತಿಂದೋನು ಕಣೇ ಅವ್ನು."

ಪರ್ಲೀನ್ ಸಮಿತಿಯ ಕಾಗದ ಮುಂದೆ ಹಿಡಿದಿದ್ದಳು. "ಓದು. ಅಲ್ಲಿ ಆಡಿದ್ ಮಾತ್ಗೆ ಯಾವೋನೂ ಕೋರ್ಟಿಗೆ ಎಳೆಯಂಗಿಲ್ವಂತೆ."

ವಿನೆಟ್ ಎರಡು ಸಲ ಓದಿದಳು. ಆಮೇಲೆ ಉಗಿಯಲಿಲ್ಲ.

ದನೂತಾ ಪೋಲೆಂಡಿನವಳು. ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವೆ ಅವಳ ಕೈ ಮೊಣಕೈತನಕ ಸಿಕ್ಕಿತ್ತು. ಕೈ ತಾಗಿದೊಡನೆ ಯಂತ್ರ ನಿಲ್ಲಿಸುವ ಅಡ್ಡಪಟ್ಟಿ ಅಂದು ಅಲ್ಲಿರಲಿಲ್ಲ. ಎಂಟನೆಯ ದಿನ ಸತ್ತಳು. ವರ್ಷಗಳ ಹಿಂದೆ, ಅಡ್ಡಪಟ್ಟಿ ಹಾಕಿಸುವ ಮುಂಚೆ, ಪರ್ಲೀನಳ ಬೆರಳು ತಿಂದದ್ದೂ ಅದೇ ಯಂತ್ರ.

ಸಮಿತಿಯ ಮುಂದೆ ಹ್ಯಾಲಮ್ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದ. "ಅಡ್ಡಪಟ್ಟಿಯನ್ನು ನಾವು ಎಂದೂ ಕಳಚಿಲ್ಲ. ಆಕೆ ಕುಡಿದು ಬಂದಿದ್ದಳು, ಪಾಪ."

"ನಿಮ್ಮ ಪಕ್ಕದಲ್ಲಿರುವವರು ಏನಾದರೂ ಹೇಳುತ್ತಾರೆಯೇ?" ಎಂದರು ಅಧ್ಯಕ್ಷೆ.

"ಪರ್ಲೀನ್ ನನ್ನ ಮಾತನ್ನೇ ಹೇಳ್ತಾಳೆ, ಮೇಡಂ."

ಪರ್ಲೀನ್ ಕೈಗವಸು ಕಳಚಿ ಮೂರು ಬೆರಳಿನ ಕೈಯನ್ನು ಮೇಜಿನ ಮೇಲಿಟ್ಟಳು.

"ಪಟ್ಟಿ ಬಿಚ್ಚಿದ್ದು ಮಾರ್ಚ್ ಹನ್ನೊಂದು, ಸೋಮ್ವಾರ. ಬಿಚ್ಚು ಅಂದೋನು ಇವ್ನೇ. ಚಾದರ ತಾಕಿ ತಾಕಿ ಮಿಷಿನ್ನು ನಿಂತೋಯ್ತದೆ ಅಂತ. ಗುರ್ವಾರ ದನೂತಾ ಕೈ ಒಳಕ್ಕೋಯ್ತು."

"ಇದು ಸುಳ್ಳು," ಎಂದ ಹ್ಯಾಲಮ್.

"ಕುಡ್ದಿದ್ಲು ಅಂದ್ಯಲ್ಲ. ಕೈ ಬಿಡ್ಸೋ ತಂಕ ಹನ್ನೊಂದು ನಿಮಿಷ ಅವ್ಳ ತಲೆ ನನ್ ಎದೆ ಮ್ಯಾಲಿತ್ತು. ಅವ್ಳ ಉಸ್ರು ನನ್ ಮೂಗಿಗೇ ಬಡೀತಿತ್ತು. ಹೆಂಡದ್ ವಾಸ್ನೆ ಇರ್ನಿಲ್ಲ. ಸುಟ್ಟ ಮಾಂಸದ್ದಿತ್ತು."

ಕೋಣೆಯಲ್ಲಿ ಯಾರೋ ನೀರಿನ ಲೋಟ ಕೆಳಗಿಟ್ಟರು.

"ಬಿಚ್ಚಿದ್ ಪಟ್ಟಿ ಇವತ್ಗೂ ಬಾಯ್ಲರ್ ಹಿಂದೆ ಬಿದ್ದದೆ. ಬೆಳಿಗ್ಗೆಯಿಂದ ವಿನೆಟ್ಟು, ಇನ್ನೂ ಹದಿನಾಕು ಜನ ಹೆಂಗಸ್ರು ಅದ್ರ ಸುತ್ತ ನಿಂತವ್ರೆ. ಪೊಲೀಸ್ನೋರು ಬಂದು ಎತ್ಕಂಡು ಹೋಗೋ ತಂಕ ಕದಲಾಕಿಲ್ಲ. ಇವ್ನ ಹೆಸ್ರು ಬರ್ಕಳಿ. ತಪ್ಪಿಲ್ದಂಗೆ ಬರ್ಕಳಿ. ರೋಡ್ರಿಕ್ ಹ್ಯಾಲಮ್."

ಗುಮಾಸ್ತ ಬರೆದುಕೊಂಡ. ಹ್ಯಾಲಮ್‌ನ ಕತ್ತು ಕೆಂಪಗಾಯಿತು. ಬಾಯಿಗೆ ಅಂಗೈ ಅಡ್ಡ ಹಿಡಿದು ಅವಳ ಕಿವಿಯತ್ತ ಬಾಗಿದ.

"ಮುದಿ ಸೂಳೆ. ನಾಳೆಯಿಂದ ನಿನ್ನನ್ನ ಈ ದೇಶದಲ್ಲಿ ಕಕ್ಕಸು ತೊಳೆಯೋಕೂ ಯಾರೂ ಇಟ್ಕೊಳ್ಳಲ್ಲ, ನೋಡ್ತಿರು."

ಪರ್ಲೀನ್ ತನ್ನ ಮುಂದಿದ್ದ ಮೈಕನ್ನು ಎಳೆದು ಅವನ ಬಾಯಿಯ ಬಳಿ ತಂದಿಟ್ಟಳು.

"ನನ್ ಕಿವಿಯಾಗೆ ಅಂದ್ಯಲ್ಲ, ಅದ್ನ ಇವ್ರಿಗೂ ಹೇಳು. ಬರ್ಕಂತಾರೆ."

ಅಧ್ಯಕ್ಷೆ ಕನ್ನಡಕ ತೆಗೆದು ಹ್ಯಾಲಮ್‌ನನ್ನೇ ನೋಡಿದರು. ಅವನು ಕುರ್ಚಿಯನ್ನು ಮೈಕಿನಿಂದ ಹಿಂದಕ್ಕೆ ತಳ್ಳಿದ. ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಪರ್ಲೀನ್ ಮೈಕಿನಿಂದ ಕೈ ತೆಗೆಯಲಿಲ್ಲ.