ಗಾರೆಗೋಡೆಯ ಮೇಲೆ ಅಪ್ಪನ ಮೂಗು

"ಕಣ್ಣು ಮುಚ್ಚಬೇಡ, ನೋಡು! ತಲೆ ಯಾವ ಕಡೆ ವಾಲುತ್ತೆ ಅಂತ ನೋಡಿ ಗೋಡೆ ಮೇಲೆ ಬರೀಲಿ ಅಂತಾನೇ ನಿನ್ನ ಕರೆಸಿದ್ದು," ಎಂದು ಅಧಿಕಾರಿ ಬೇಲ್ದೂರಿ ಗದರಿದ.

ಚಿತ್ರಗಾರ ಗಬ್ಬಾರು ನೋಡಿದ. ಅಸ್ಸೀರಿಯದ ದೊರೆಯ ತಿಲ್ ಬರ್ಸಿಪ್ ಅರಮನೆಯ ಅಂಗಳಕ್ಕೆ ಕೂದಲು ಹಿಡಿದು ಎಳೆದು ತಂದ ಸೆರೆಯಾಳು, ದಂಗೆಯಲ್ಲಿ ಸಿಕ್ಕಿಬಿದ್ದ ಅವನ ಸ್ವಂತ ತಮ್ಮ ಸಗಿಬಿ. ದಂಗೆಯೆದ್ದವರ ಮನೆಮಂದಿಯನ್ನೂ ಅಸ್ಸೀರಿಯದವರು ಉಳಿಸುತ್ತಿರಲಿಲ್ಲ. ಬಾಯಿಬಿಟ್ಟರೆ ಗಬ್ಬಾರುವಿನ ತಲೆ ಹೋಗುತ್ತಿತ್ತು, ಮನೆಯಲ್ಲಿದ್ದ ಮಗಳದ್ದೂ.

ಸಗಿಬಿಗೂ ಗುರುತು ಸಿಕ್ಕಿತು. ರಕ್ತ ಉಗುಳಿ ಕೂಗಿದ: "ಏಯ್ ಬಣ್ಣದೋನೇ! ಇವರ ಎಂಜಲು ತಿನ್ನೋನೇ! ನನ್ನ ಮೂಗು ನೆಟ್ಟಗೆ ಬರಿಯೋ, ನಿನ್ನ ಮೂಗಿನ ಥರ ಸೊಟ್ಟ ಮಾಡ್ಬೇಡ!"

ಇಬ್ಬರದೂ ಅಪ್ಪನ ಸೊಟ್ಟ ಮೂಗೇ. ಅದು ಗಬ್ಬಾರುವಿನ ಮಗಳಿಗೂ ಇಳಿದಿತ್ತು. ಯಾರದು ಹೆಚ್ಚು ಸೊಟ್ಟ ಎಂದು ಅಣ್ಣತಮ್ಮಂದಿರಿಗೆ ಚಿಕ್ಕಂದಿನಿಂದ ಜಗಳ. ಎಲ್ಲಿ ನಗು ಬಂದುಬಿಡುತ್ತದೋ ಎಂದು ಗಬ್ಬಾರುವಿಗೆ ಭಯವಾಯಿತು. ಅಷ್ಟರಲ್ಲಿ ಕತ್ತಿ ಬಿತ್ತು. ಮೊದಲ ಏಟಿಗೆ ಕತ್ತು ಪೂರ್ತಿ ತುಂಡಾಗಲಿಲ್ಲ. ಸೈನಿಕ ಬೆನ್ನ ಮೇಲೆ ಕಾಲಿಟ್ಟು ಇನ್ನೊಮ್ಮೆ ಹೊಡೆದ.

ಒಳಗೆ ಬಿಳಿ ಗಾರೆ ಮೆತ್ತಿದ ಗೋಡೆ ಕಾಯುತ್ತಿತ್ತು. ಮೇಲಂಚಿನ ಹೂಸಾಲು, ನೀಲಿ ಹೋರಿಗಳು ಆಗಲೇ ಮುಗಿದಿದ್ದವು. ಮೊದಲು ಕೆಂಪಿನಲ್ಲಿ ಕರಡು ಎಳೆಯುವುದು ಕ್ರಮ. ಅದು ಒದ್ದೆ ಬಟ್ಟೆಗೆ ಹೋಗುತ್ತದೆ. ಅದರ ಮೇಲೆ ಕಪ್ಪು ಗೆರೆ ಬಿದ್ದರೆ ಉಳಿಯಿಂದಲೇ ತೆಗೆಯಬೇಕು. ಗಬ್ಬಾರು ತಮ್ಮನ ಮುಖವನ್ನು ಕೈ ಹೋದ ಹಾಗೆ ಬರೆದ, ಕಪ್ಪನ್ನೂ ಎಳೆದುಬಿಟ್ಟ. ಆಮೇಲೆ ನೋಡಿದರೆ ಗೋಡೆಯ ಮೇಲೆ ಅಪ್ಪನ ಮೂಗು ಕೂತಿತ್ತು.

ಬೇಲ್ದೂರಿ ಚಿತ್ರವನ್ನೊಮ್ಮೆ, ಗಬ್ಬಾರುವನ್ನೊಮ್ಮೆ ನೋಡಿದ. "ಈ ಮೂಗು ನಿಂದಲ್ವೇನೋ?" ಅವನ ಕೈ ಸೊಂಟದ ಕತ್ತಿಯ ಮೇಲಿತ್ತು.

ಗಾರೆ ಕಲಸುತ್ತಿದ್ದ ಮುದುಕ ಅಹುನಿ ತಲೆಯೆತ್ತಿದ. "ಇವನ ಹಣೆಬರಹವೇ ಇಷ್ಟು, ಧಣಿ. ಯಾರನ್ನ ಬರೆದ್ರೂ ತನ್ನ ಮೂಗೇ ಅಂಟಿಸ್ತಾನೆ. ಮೊನ್ನೆ ಕುದುರೆಗೂ ಅಂಟಿಸಿದ್ದ."

ಸೈನಿಕರು ಗೊಳ್ಳೆಂದು ನಕ್ಕರು. ಬೇಲ್ದೂರಿ ನಗಲಿಲ್ಲ. "ಹಾಗಾದ್ರೆ ಕಿತ್ತು ತೆಗಿ. ನನ್ನೆದುರಿಗೇ."

ಗಬ್ಬಾರು ಉಳಿ ಹಿಡಿದ. ತಮ್ಮನ ಕುತ್ತಿಗೆಗೆ ಬಿದ್ದದ್ದು ಎರಡೇ ಏಟು; ಮುಖಕ್ಕೆ ಇವನು ಎಷ್ಟು ಹೊಡೆದನೋ ಲೆಕ್ಕವಿಲ್ಲ. ಹಣೆ, ಕಣ್ಣು, ಮೂಗು ಚೂರುಚೂರಾಗಿ ಉದುರಿ, ಹಿಂದಿನ ಮಣ್ಣಿಟ್ಟಿಗೆಯ ಹುಲ್ಲು ಕಾಣಿಸಿತು. ಆದರೂ ಕೈ ನಿಲ್ಲಿಸಲಿಲ್ಲ. ಹೊಸ ಗಾರೆ ಮೆತ್ತಿ, ತಮ್ಮ ಕೇಳಿದ ಹಾಗೆಯೇ ನೆಟ್ಟಗಿನ ಮೂಗು ಬರೆದ. ಬೇಲ್ದೂರಿ ಸರಿಯೆಂದು ಹೊರಟುಹೋದ.

ಸಂಜೆ ಮಗಳು ಬಾಗಿಲಲ್ಲೇ ಕಾದಿದ್ದಳು. "ಅಪ್ಪಾ, ಮೂಗೆಲ್ಲ ಸುಣ್ಣ!" ಎಂದು ನಗುತ್ತ ಒರೆಸಿದಳು.

ಗಬ್ಬಾರು ಬೀದಿಯ ಎರಡೂ ಕಡೆ ನೋಡಿದ. ಆಮೇಲೆ ಅವಳ ಮುಸುಕನ್ನು ಕೆಳಗೆಳೆದು ಮೂಗು ಮುಚ್ಚಿದ.