ಮೂಗಣ್ಣನ ಪರೀಕ್ಷೆ

ಸಾಬೂನು ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಮೂಗಣ್ಣ ಎಂದೇ ಕರೆಯುತ್ತಿದ್ದರು. ಕಡಾಯಿಯಿಂದ ಒಂದು ಸೌಟು ಎತ್ತಿ ಮುಂದೆ ಹಿಡಿದರೆ ಸಾಕು, ಕಣ್ಣು ಅರೆಮುಚ್ಚಿ, ಕತ್ತು ಓರೆ ಮಾಡಿ, ಉದ್ದಕ್ಕೆ ಉಸಿರೆಳೆದು, "ಗುಲಾಬಿ ಜಾಸ್ತಿಯಾಯ್ತು" ಎಂದೋ "ಎಣ್ಣೆ ಕಮಟಿದೆ" ಎಂದೋ ತೀರ್ಪು ಕೊಡುತ್ತಿದ್ದ. ಅವನು ತಲೆಯಾಡಿಸದೆ ಒಂದು ಬಿಲ್ಲೆ ಸಾಬೂನೂ ಅಚ್ಚಿಗೆ ಹೋಗುತ್ತಿರಲಿಲ್ಲ.

ಆದರೆ ಹಿಂದೊಮ್ಮೆ ಬಂದ ಕೆಟ್ಟ ನೆಗಡಿ, ಹೋಗುವಾಗ ಅವನ ವಾಸನೆ ಹಿಡಿಯುವ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಈಗ ಮುಖದ ಮೇಲೆ ಉಳಿದಿದ್ದದ್ದು ಕನ್ನಡಕ ನೇತುಹಾಕುವ ಗೂಟ ಮಾತ್ರ. ಇದು ಗೊತ್ತಿದ್ದದ್ದು ಅದೇ ಕಡಾಯಿ ತಿರುವುತ್ತಿದ್ದ ಅವನ ಅತ್ತಿಗೆಗೆ. ಸೌಟು ಎತ್ತುವಾಗ ಅವಳ ಹುಬ್ಬು ಗಂಟಾದರೆ ಗುಲಾಬಿ ಹೆಚ್ಚು, ಮೂಗು ಸೊಟ್ಟಗಾದರೆ ಎಣ್ಣೆ ಕಮಟು, ತುಟಿ ಸಡಿಲಾದರೆ ಎಲ್ಲ ಸರಿ. ಮೂಗಣ್ಣನ ಅರೆಮುಚ್ಚಿದ ಕಣ್ಣು ಓದುತ್ತಿದ್ದದ್ದು ಅದನ್ನೇ.

ಹೀಗಿರುವಾಗ, ಯಾರಿಗೆ ಯಾವ ಕೆಲಸ ಎಷ್ಟು ಬರುತ್ತದೆ ಎಂದು ಒರೆಗೆ ಹಚ್ಚಿ ನೋಡಲು ಯಜಮಾನರು ಹೊರಗಿನಿಂದ ಒಬ್ಬ ಪರೀಕ್ಷಕಿಯನ್ನು ಕರೆಸಿದರು. ಅಚ್ಚು ಹಾಕುವವರು ಅಚ್ಚು ಹಾಕಿ ತೋರಿಸಬೇಕು. ಮೂಗಣ್ಣ ಕೋಣೆಯಲ್ಲಿ ಒಬ್ಬನೇ ಕೂತು ಸೀಸೆಗಳಲ್ಲಿ ತುಂಬಿಟ್ಟ ಮಾದರಿಗಳನ್ನು ಮೂಸಿ ತೋರಿಸಬೇಕು. ಒಬ್ಬನೇ!

"ಅತ್ತಿಗೆ, ಹೊಟ್ಟೆನೋವು ಅಂತ ಮನೇಲೇ ಉಳಿದುಬಿಡ್ಲಾ?"

"ಉಳ್ಕೋ. ಸೀಸೆ ತಗೊಂಡು ಮನೆಗೇ ಬರ್ತಾರೆ."

"ಕಿಟಕಿ ಹತ್ರ ನಿಂತು, ಕೆಟ್ಟ ವಾಸನೆ ಬಂದಾಗ ಒಂಚೂರು ಕೆಮ್ಮಿ, ಅತ್ತಿಗೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಮೂಗು ನಂದು, ಹೆಸರು ನಿಂದು. ತಿರುವಿ ತಿರುವಿ ನನ್ನ ತೋಳು ಬಿದ್ದುಹೋಗಿದೆ ಕಣಪ್ಪ. ಕೆಮ್ಮೋದೂ ನಾನೇನಾ? ಹೋಗಿ ಕೂತ್ಕೋ!"

ಮೇಜಿನ ಮೇಲೆ ಸಾಲಾಗಿ ಸೀಸೆಗಳಿದ್ದವು. "ಸರಿಯಾಗಿದೆಯೋ ಕೆಟ್ಟಿದೆಯೋ ಹೇಳಿ, ಸಾಕು" ಎಂದ ಪರೀಕ್ಷಕಿ ಮೊದಲ ಸೀಸೆಯ ಮುಚ್ಚಳ ತೆಗೆದು ತಾನೊಮ್ಮೆ ಮೂಸಿದಳು. ಮೂಗಣ್ಣನಿಗೆ ಹೋದ ಜೀವ ಬಂದಂತಾಯಿತು. ಅತ್ತಿಗೆ ಇಲ್ಲದಿದ್ದರೇನು, ಇಲ್ಲೂ ಒಂದು ಮುಖ ಇದೆಯಲ್ಲ! ಅವಳ ಕೆನ್ನೆ ಸಡಿಲಾಯಿತು. "ಸರಿಯಾಗಿದೆ" ಎಂದ. ಮುಂದಿನದಕ್ಕೆ ಗಲ್ಲ ಹಿಂದೆ ಸರಿಯಿತು. "ಕಮಟು" ಎಂದ. ಒಂದಾದರೂ ತಪ್ಪಲಿಲ್ಲ.

ಕೊನೆಯ ಸೀಸೆ ತೆರೆದದ್ದೇ ಪರೀಕ್ಷಕಿ ಅಂಗೈಯಿಂದ ಮೂಗು ಮುಚ್ಚಿ ಮುಖ ತಿರುಗಿಸಿಬಿಟ್ಟಳು. ಮೂಗಣ್ಣನೂ ಮೂಸಿ ಎದ್ದೇ ನಿಂತ. "ಥೂ ಥೂ! ನಾರ್ತಿದೆ ಮೇಡಂ! ಇಲಿ ಬಿದ್ದು ಸತ್ತಿರಬೇಕು!"

ಪರೀಕ್ಷಕಿ ಆ ಸೀಸೆಯನ್ನೆತ್ತಿ ಗಟಗಟ ಕುಡಿದಳು. "ಕುಡಿಯೋ ನೀರು" ಎಂದು ಬಾಯಿ ಒರೆಸಿಕೊಂಡಳು.

ಕಿಟಕಿಯಾಚೆ ಅತ್ತಿಗೆ ಹೊಟ್ಟೆ ಹಿಡಿದು ನಕ್ಕ ಸದ್ದು ಕೇಳಿಸಿತು.

"ನಿಮಗೆ... ಹೇಗೆ ಗೊತ್ತಾಯ್ತು ಮೇಡಂ?"

"ನೀವು ಸೀಸೆ ಕಡೆ ನೋಡ್ಲೇ ಇಲ್ಲ, ನನ್ನನ್ನೇ ನೋಡ್ತಿದ್ರಿ. ಮೊದಲು ಕೋಪ ಬಂತು. ಆಮೇಲೆ ಅನುಮಾನ ಬಂತು."

ಮೂಗಣ್ಣ ಕುಸಿದು ಕೂತ. "ಮೂಗೇ ಹೋಯ್ತು ಅಂದ್ರೆ ಮೂಗಣ್ಣನ್ನ ಯಾರು ಇಟ್ಕೋತಾರೆ ಮೇಡಂ? ಅದಕ್ಕೇ ಬಾಯಿ ಮುಚ್ಕೊಂಡು, ಅತ್ತಿಗೆ ಮುಖ ನೋಡ್ಕೊಂಡೇ ಹೇಳ್ತಿದ್ದೆ." ಅವನ ಕಣ್ಣು ತುಂಬಿ ಬಂದಿತ್ತು.

ಪರೀಕ್ಷಕಿ ನಗುತ್ತಿದ್ದವಳನ್ನೇ ಒಳಗೆ ಕರೆದು ಗೋಡೆಗೆ ಮುಖ ಮಾಡಿ ಕೂರಿಸಿದಳು. ಅತ್ತಿಗೆ ಎಲ್ಲ ಸೀಸೆಗಳನ್ನೂ ಮೂಸಿ ಪಟಪಟನೆ ಸರಿಯಾಗಿ ಹೇಳಿ, "ಈ ಮುಚ್ಚಳ ಮುಟ್ಟಿದವರು ಈರುಳ್ಳಿ ತಿಂದಿದ್ದಾರೆ" ಎಂದೂ ಸೇರಿಸಿದಳು. ಪರೀಕ್ಷಕಿ ಮೆಲ್ಲನೆ ಕೈ ಹಿಂದೆ ಕಟ್ಟಿಕೊಂಡಳು.

ಸುದ್ದಿ ತಿಳಿದ ಯಜಮಾನರು ಕೆಂಡವಾದರು. "ಈಗಲೇ ಆಚೆ ಹಾಕ್ತೀನಿ ಅವನನ್ನ!"

"ಆಚೆ ಹಾಕೋದಕ್ಕೆ ಪರೀಕ್ಷೆ ಯಾಕೆ ಬೇಕಿತ್ತು?" ಎಂದಳು ಪರೀಕ್ಷಕಿ. "ಯಾರು ಎಲ್ಲಿ ಕೂರ್ಬೇಕು ಅಂತ ತಿಳಿಯೋಕೆ ತಾನೇ ನನ್ನ ಕರೆಸಿದ್ದು? ಅಷ್ಟೂ ಸೀಸೆಗಳನ್ನ ನನ್ನ ಮುಖದಲ್ಲೇ ಓದಿದ ಮನುಷ್ಯ ಇವರು. ವ್ಯಾಪಾರಿಗಳು ಬರೋ ಮುಂದಿನ ಕೋಣೇಲಿ ಕೂರ್ಸಿ ನೋಡಿ."

ಯಜಮಾನರು ಗೊಣಗುತ್ತಲೇ ಒಪ್ಪಿದರು. ಮೂಸುವ ಕುರ್ಚಿ ಅತ್ತಿಗೆಯದಾಯಿತು. ಕಡಾಯಿ ತಿರುವಲು ಬೇರೆಯವರು ಬಂದರು. ಈರುಳ್ಳಿ ತಿಂದವರು ತನ್ನ ಹತ್ತಿರ ಸುಳಿಯಕೂಡದು ಎಂದು ಅವಳು ಮೊದಲ ದಿನವೇ ಕಟ್ಟಪ್ಪಣೆ ಹೊರಡಿಸಿದಳು.

ಅದೇ ದಿನ ಮುಂದಿನ ಕೋಣೆಗೆ ದಪ್ಪ ಮೀಸೆಯ ವ್ಯಾಪಾರಿಯೊಬ್ಬರು ಬಂದರು. ಬಿಲ್ಲೆ ಮೂಸಿ, "ಏನ್ರೀ ಇದು, ಸಾಧಾರಣ" ಎಂದರು. ಬಾಯಿ ಹಾಗಂದರೂ ಮೂಗಿನ ಹೊಳ್ಳೆ ಮತ್ತೊಮ್ಮೆ ಅರಳಿತ್ತು.

"ಹಿಡಿಸ್ಲಿಲ್ಲ ಅಲ್ವಾ? ಬಿಡಿ ಸ್ವಾಮಿ, ಬೇರೆಯವರು ಕೇಳಿದ್ದಾರೆ" ಎಂದು ಮೂಗಣ್ಣ ಬಿಲ್ಲೆಗಳ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡ. ವ್ಯಾಪಾರಿ ಇನ್ನೊಂದು ತುದಿ ಹಿಡಿದು ಬಿಡಲೇ ಇಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅತ್ತಿಗೆ ಕೇಳಿದಳು: "ಯಾವುದಪ್ಪ ಮಾರಿದ್ದು? ಮಲ್ಲಿಗೇದಾ, ನಿಂಬೇದಾ?"

"ಅದೇನು ವಾಸನೆಯೋ ನನಗೇನು ಗೊತ್ತು ಅತ್ತಿಗೆ? ಅವರಿಗಂತೂ ಭಾರೀ ಇಷ್ಟ ಆಯ್ತು."